ಚರ್ಮದೊಳಗಿನ ಲೋಕವನ್ನು ಕಂಡ ಮಾಲ್ಪಿಘಿ

ನಮ್ಮ ದೇಹದ ಅವಯವಗಳಲ್ಲೆಲ್ಲ ದೊಡ್ಡದು ಯಾವುದೆಂದು ಕೇಳಿದರೆ ಬಹುಮಂದಿ ಯಕೃತ್ತೆಂದೋ ಶ್ವಾಸಕೋಶವೆಂದೋ ಉತ್ತರ ಕೊಡುವರು. ಚರ್ಮವೆಂದು ಹೇಳುವವರು ವಿರಳ. ಬೆಳೆದ ಮನುಷ್ಯನ ಚರ್ಮವನ್ನು ಹಾಸಿದರೆ ಅದು ಸುಮಾರು 1.5ರಿಂದ 2 ಚದರ ಮೀಟರಿನಷ್ಟು ವಿಸ್ತಾರವಾಗುತ್ತದೆ. ಆದರೂ ಅದನ್ನು ಒಂದು ಅವಯವವೆಂದು ಭಾವಿಸುವ ವಾಡಿಕೆ ನಮಗಿಲ್ಲ. ಅದನ್ನು ತೊಳೆಯುತ್ತೇವೆ, ಸಿಂಗರಿಸುತ್ತೇವೆ, ಅದರ ಬಣ್ಣವನ್ನು ನೋಡಿ ಹೆಣ್ಣು ಗಂಡುಗಳ ಬೆಲೆ ಕಟ್ಟುತ್ತೇವೆ. ಆದರೆ ಅದರ ರಚನೆಯೇನು, ಅದು ಮಾಡುವ ಕೆಲಸವೇನು ಎಂದು ಯೋಚಿಸುವುದು ಕಡಮೆ.

ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಚರ್ಮದ ಪಾಠದಲ್ಲಿ ಮಾಲ್ಪಿಘಿ ಪದರವೆಂಬ ಮಾತು ಬರುತ್ತದೆ. ಮೂತ್ರಪಿಂಡದ ಪಾಠಕ್ಕೆ ಹೋದರೆ ಅಲ್ಲಿಯೂ ಅದೇ ಹೆಸರು. ಕೀಟಗಳ ಪಾಠದಲ್ಲಿ ಮಾಲ್ಪಿಘಿ ನಾಳಗಳು. ಪರೀಕ್ಷೆಗೆಂದು ಹೆಸರನ್ನು ಉರು ಹೊಡೆದು, ಪರೀಕ್ಷೆ ಮುಗಿದೊಡನೆ ಮರೆಯುತ್ತೇವೆ. ಇಷ್ಟು ಕಡೆಗಳಲ್ಲಿ ತನ್ನ ಹೆಸರನ್ನು ಉಳಿಸಿಹೋದ ಈ ಮಹಾಶಯನು ಯಾರು? ಅವನ ಬಾಳು ಎಂತಹುದಾಗಿತ್ತು? ಅದನ್ನು ಸಂಕ್ಷೇಪವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಮಾರ್ಚೆಲ್ಲೊ ಮಾಲ್ಪಿಘಿಯು ಇಟಲಿ ದೇಶದ ಬೊಲೋನ್ಯ ನಗರಕ್ಕೆ ಸಮೀಪದ ಕ್ರೆವಾಲ್ಕೋರೆ ಎಂಬ ಊರಿನಲ್ಲಿ 1628ರಲ್ಲಿ ಹುಟ್ಟಿದನು. ಆ ವರ್ಷವು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಸ್ಮರಣೀಯವಾದುದು. ರಕ್ತವು ಹೃದಯದಿಂದ ಹೊರಟು ದೇಹವನ್ನೆಲ್ಲ ಸುತ್ತಿ ಮತ್ತೆ ಹೃದಯಕ್ಕೆ ಬರುತ್ತದೆಂದು ಸಾರಿದ ವಿಲಿಯಂ ಹಾರ್ವೆಯ ಗ್ರಂಥವು ಪ್ರಕಟವಾದುದೂ ಆ ವರ್ಷದಲ್ಲಿಯೇ. ಹಾರ್ವೆ ಬಿಟ್ಟುಹೋದ ಒಂದು ಕೊರತೆಯನ್ನು ತುಂಬಬೇಕಾದ ಶಿಶು ಅದೇ ವರ್ಷ ಹುಟ್ಟಿದುದು ಒಂದು ಸೋಜಿಗ.

ಮಾಲ್ಪಿಘಿಯ ಮನೆತನವು ಜಮೀನಿದ್ದ ಅನುಕೂಲಸ್ಥರ ಮನೆತನ. 1646ರಲ್ಲಿ ಅವನು ಬೊಲೋನ್ಯ ವಿಶ್ವವಿದ್ಯಾನಿಲಯವನ್ನು ಸೇರಿದನು. ಆದರೆ ಮೂರು ವರ್ಷ ಕಳೆಯುವಷ್ಟರಲ್ಲಿ ತಂದೆ ತಾಯಿಗಳಿಬ್ಬರೂ ತೀರಿಕೊಂಡರು. ಹಿರಿಯ ಮಗನಾದ ಅವನ ಮೇಲೆ ತಮ್ಮ ತಂಗಿಯರ ಭಾರವೂ ಜಮೀನಿನ ವ್ಯವಹಾರವೂ ಬಿದ್ದುವು. ಓದು ನಿಂತಿತು. ಮನೆಯನ್ನು ಒಂದು ಹದಕ್ಕೆ ತಂದಮೇಲೆ ಅವನು ಮರಳಿ ಬೊಲೋನ್ಯಕ್ಕೆ ಬಂದು, 1653ರಲ್ಲಿ ವೈದ್ಯ ಮತ್ತು ತತ್ತ್ವಶಾಸ್ತ್ರಗಳಲ್ಲಿ ಪದವಿಯನ್ನು ಪಡೆದನು.

ಅಂದಿನ ವಿದ್ಯಾಭ್ಯಾಸದ ರೀತಿಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಗ್ರೀಕ್ ವೈದ್ಯನಾದ ಗ್ಯಾಲೆನ್ ಸುಮಾರು 1,500 ವರ್ಷಗಳ ಹಿಂದೆ ಬರೆದಿಟ್ಟುದೇ ವೈದ್ಯಶಾಸ್ತ್ರದ ವೇದವಾಗಿತ್ತು. ಗ್ರಂಥದಲ್ಲಿ ಇರುವುದೊಂದು, ದೇಹದಲ್ಲಿ ಕಾಣುವುದಿನ್ನೊಂದು ಆದರೆ, ಗ್ರಂಥವನ್ನು ನಂಬಿ ಕಣ್ಣನ್ನು ಸಂಶಯಿಸುವವರೇ ಹೆಚ್ಚು. ಮಾಲ್ಪಿಘಿಯ ಗುರುವಾದ ಮಸ್ಸಾರಿ ಎಂಬಾತನು ಇಂಥವರ ಗುಂಪಿಗೆ ಸೇರಿದವನಲ್ಲ. ಅವನು ತನ್ನ ಮನೆಯಲ್ಲಿ ಕೆಲವು ಆಯ್ದ ಶಿಷ್ಯರನ್ನು ಕೂಡಿಸಿಕೊಂಡು ಪ್ರಾಣಿಗಳನ್ನು ಛೇದಿಸಿ ನೋಡುತ್ತಿದ್ದನು. ಆ ಗೋಷ್ಠಿಯಲ್ಲಿ ಮಾಲ್ಪಿಘಿಯೂ ಒಬ್ಬನು. ಮುಂದೆ ಅವನು ಮಸ್ಸಾರಿಯ ತಂಗಿಯನ್ನೇ ಮದುವೆಯಾದನು.

1656ರಲ್ಲಿ ಅವನಿಗೆ ಪೀಸಾ ನಗರದಲ್ಲಿ ಅಧ್ಯಾಪಕ ಪದವಿ ದೊರೆಯಿತು. ಅಲ್ಲಿ ಗಣಿತಜ್ಞನಾದ ಬೊರೆಲ್ಲಿಯ ಸ್ನೇಹವು ಅವನ ಬಾಳಿನ ದಿಕ್ಕನ್ನೇ ತಿರುಗಿಸಿತು. ದೇಹವೂ ಒಂದು ಯಂತ್ರದಂತೆ ಸನ್ನೆ, ಕೊಳವೆ, ಜರಡಿಗಳಿಂದ ಕೆಲಸ ಮಾಡುತ್ತದೆ ಎಂಬುದು ಬೊರೆಲ್ಲಿಯ ಮತ. ಯಂತ್ರವನ್ನು ಅರಿಯಬೇಕಾದರೆ ಅದರ ಅತಿ ಸಣ್ಣ ಬಿಡಿಭಾಗಗಳನ್ನೂ ಕಾಣಬೇಕಲ್ಲವೇ? ಅದಕ್ಕೆ ಬೇಕಾದ ಸೂಕ್ಷ್ಮದರ್ಶಕವು ಆಗತಾನೇ ಬಳಕೆಗೆ ಬರುತ್ತಿತ್ತು. ಮಾಲ್ಪಿಘಿ ಅದನ್ನು ಕೈಗೆತ್ತಿಕೊಂಡನು, ಬದುಕಿರುವವರೆಗೂ ಕೆಳಗಿಡಲಿಲ್ಲ.

ಪೀಸಾದ ಹವೆ ಒಗ್ಗದೆ ಅವನು 1659ರಲ್ಲಿ ಬೊಲೋನ್ಯಕ್ಕೆ ಹಿಂದಿರುಗಿದನು. ಎರಡು ವರ್ಷಗಳ ಬಳಿಕ, 1661ರಲ್ಲಿ, ಅವನ ಮೊದಲ ದೊಡ್ಡ ಶೋಧ ಹೊರಬಿದ್ದಿತು. ಕಪ್ಪೆಯ ಶ್ವಾಸಕೋಶವನ್ನು ಉಬ್ಬಿಸಿ, ಒಣಗಿಸಿ, ಬೆಳಕಿಗೆ ಹಿಡಿದು ಮಸೂರದಲ್ಲಿ ನೋಡಿದಾಗ, ಶುದ್ಧರಕ್ತನಾಳಗಳ ಕೊನೆಗೂ ಅಶುದ್ಧರಕ್ತನಾಳಗಳ ಮೊದಲಿಗೂ ನಡುವೆ ಕೂದಲಿಗಿಂತಲೂ ನವುರಾದ ನಾಳಗಳ ಬಲೆಯೊಂದು ಕಾಣಿಸಿತು. ರಕ್ತವು ಒಂದರಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆಂಬುದನ್ನು ಹಾರ್ವೆ ತರ್ಕದಿಂದ ಊಹಿಸಿದ್ದನೇ ಹೊರತು ಕಂಡಿರಲಿಲ್ಲ; ಅವನು 1657ರಲ್ಲಿಯೇ ಕಾಲವಾಗಿದ್ದನು. ಆ ದಾರಿಯನ್ನು ಕಣ್ಣಾರೆ ಕಂಡು ತೋರಿಸಿದವನು ಮಾಲ್ಪಿಘಿ. ಇದಕ್ಕಾಗಿ ಅವನು ಬಲಿಕೊಟ್ಟ ಕಪ್ಪೆಗಳಿಗೆ ಲೆಕ್ಕವಿಲ್ಲ.

1662ರಲ್ಲಿ ಬೊರೆಲ್ಲಿಯ ಶಿಫಾರಸಿನಿಂದ ಅವನು ಸಿಸಿಲಿ ದ್ವೀಪದ ಮೆಸ್ಸೀನಾ ನಗರಕ್ಕೆ ಪ್ರಾಧ್ಯಾಪಕನಾಗಿ ಹೋದನು. ಅಲ್ಲಿ ಹಳೆಯ ಪಂಥದ ವೈದ್ಯರು ಅವನನ್ನು ನೆಮ್ಮದಿಯಾಗಿ ಇರಗೊಡಲಿಲ್ಲ. ಆದರೂ ಅಲ್ಲಿ ಕಳೆದ ನಾಲ್ಕು ವರ್ಷಗಳು ಅವನ ಬಾಳಿನಲ್ಲಿ ಬಹು ಫಲವತ್ತಾದುವು. ನಮ್ಮ ವಿಷಯವಾದ ಚರ್ಮದ ಶೋಧವು ನಡೆದುದು ಅಲ್ಲಿಯೇ.

ಅವನು ಚರ್ಮಕ್ಕೆ ಬಂದ ದಾರಿ ವಿಚಿತ್ರವಾದುದು. ಮೊದಲು ಅವನು ಕೈಗೆತ್ತಿಕೊಂಡುದು ಎತ್ತಿನ ನಾಲಗೆಯನ್ನು. ಅದನ್ನು ಬೇಯಿಸಿದಾಗ ಮೇಲಿನ ಗಡುಸಾದ ಪೊರೆ ಸುಲಿದು ಬಂದಿತು. ಅದರ ಕೆಳಗೆ ಅಂಟು ಅಂಟಾದ, ಜರಡಿಯಂತೆ ರಂಧ್ರಗಳುಳ್ಳ ಮೃದುವಾದ ಇನ್ನೊಂದು ಪದರ. ಅದರ ರಂಧ್ರಗಳೊಳಗೆ ಕೆಳಗಿನಿಂದ ತೂರಿಕೊಂಡು ಬಂದ ಸಣ್ಣ ಸಣ್ಣ ಮೊಗ್ಗುಗಳಂತಹ ಅಂಕುರಗಳು. ರುಚಿಯನ್ನು ಗ್ರಹಿಸುವುದು ಈ ಅಂಕುರಗಳೇ ಇರಬೇಕೆಂದು ಅವನು ತೀರ್ಮಾನಿಸಿದನು. ನಾಲಗೆಯಲ್ಲಿ ಹೀಗಿದ್ದರೆ, ಸ್ಪರ್ಶೇಂದ್ರಿಯವಾದ ಚರ್ಮದಲ್ಲಿಯೂ ಇಂಥದೇ ಏರ್ಪಾಡು ಏಕಿರಬಾರದು? ಈ ಪ್ರಶ್ನೆಯನ್ನು ಹಿಡಿದು ಅವನು ಹಂದಿಯ ಗೊರಸು, ಮನುಷ್ಯನ ಕೈಬೆರಳು ಮುಂತಾದುವುಗಳ ಚರ್ಮವನ್ನು ಪರೀಕ್ಷಿಸಿದನು. ಊಹೆ ನಿಜವಾಯಿತು. 1665ರಲ್ಲಿ ನಾಲಗೆಯನ್ನೂ ಸ್ಪರ್ಶೇಂದ್ರಿಯವನ್ನೂ ಕುರಿತ ಅವನ ಎರಡು ಪ್ರಬಂಧಗಳು ಪ್ರಕಟವಾದುವು.

ಅವನು ಕಂಡುದು ಇಷ್ಟು: ಎಲ್ಲಕ್ಕಿಂತ ಮೇಲೆ ಸತ್ತ ಸಿಪ್ಪೆಯಂತಹ ಹೊರಪೊರೆ, ಕೆಳಗೆ ದಪ್ಪನಾದ ನಿಜಚರ್ಮ, ಇವೆರಡರ ನಡುವೆ ಮೃದುವಾದ ಒಂದು ಪದರ, ನಿಜಚರ್ಮದಿಂದ ಎದ್ದು ಈ ಪದರವನ್ನು ಹೊಕ್ಕಿರುವ ಅಂಕುರಗಳು. ಬೆರಳ ತುದಿಯ ಏಣುಗಳನ್ನೂ ಅವುಗಳ ಮೇಲೆ ಸಾಲುಸಾಲಾಗಿರುವ ಬೆವರಿನ ರಂಧ್ರಗಳನ್ನೂ ಅವನು ಗಮನಿಸಿದನು. ಸ್ಪರ್ಶವು ಅಂಕುರಗಳಲ್ಲಿದೆ ಎಂಬ ಅವನ ಮಾತಿಗೆ 1852ರಲ್ಲಿ ಬಲವಾದ ಸಮರ್ಥನೆ ದೊರೆಯಿತು. ಜರ್ಮನಿಯ ವಾಗ್ನರ್ ಮತ್ತು ಮೈಸ್ನರ್ ಎಂಬವರು ಆ ಅಂಕುರಗಳೊಳಗೆ ನರದ ತುದಿಗಳು ಸುತ್ತಿಕೊಂಡಿರುವ ಸ್ಪರ್ಶಕಣಗಳನ್ನು ಆಗ ಕಂಡುಹಿಡಿದರು.

ನಡುವಿನ ಆ ಪದರವೇ ಇಂದಿನ ಮಾಲ್ಪಿಘಿ ಪದರ. ಅದರ ಮಹತ್ವವು ಮಾಲ್ಪಿಘಿ ತಿಳಿದುದಕ್ಕಿಂತ ಎಷ್ಟೋ ಹೆಚ್ಚಿನದು. ಹೊರಚರ್ಮವೆಲ್ಲ ಹುಟ್ಟುವುದು ಈ ಪದರದ ತಳದಲ್ಲಿ. ಅಲ್ಲಿ ಒಂದೇ ಸಾಲಾಗಿ ನಿಂತ ಜೀವಕೋಶಗಳು ಹಗಲಿರುಳು ಇಬ್ಭಾಗವಾಗುತ್ತಿರುತ್ತವೆ. ಹೊಸದಾಗಿ ಹುಟ್ಟಿದುವು ಹಳೆಯವನ್ನು ಮೇಲಕ್ಕೆ ತಳ್ಳುತ್ತವೆ. ಮೇಲೇರುತ್ತ ಏರುತ್ತ ಕೋಶಗಳಲ್ಲಿ ಕೆರಾಟಿನ್ ಎಂಬ ಗಡುಸಾದ ವಸ್ತು ತುಂಬುತ್ತದೆ; ಕೊನೆಗೆ ಅವು ಸತ್ತು, ಚಪ್ಪಟೆಯಾಗಿ, ಹೆಂಚಿನಂತೆ ಒಂದರ ಮೇಲೊಂದು ಜೋಡಿಸಿಕೊಂಡು, ನೀರು ಮತ್ತು ಕ್ರಿಮಿಗಳನ್ನು ತಡೆಯುವ ಛಾವಣಿಯಾಗುತ್ತವೆ. ತಳದಲ್ಲಿ ಹುಟ್ಟಿದ ಕೋಶವು ಮೇಲಕ್ಕೆ ಬಂದು ಉದುರಿಹೋಗಲು ಸುಮಾರು ನಾಲ್ಕು ವಾರಗಳು ಸಾಕು. ಸ್ನಾನಮಾಡುವಾಗ ನಾವು ಉಜ್ಜಿ ತೆಗೆಯುವ ಕೊಳೆಯಲ್ಲಿ ನಮ್ಮ ಚರ್ಮದ ಅಂಶವೂ ಸೇರಿರುತ್ತದೆ.

ಕೂದಲು ಉಗುರುಗಳೂ ಈ ಪದರದ ಸಂತಾನವೇ. ಹೊರಚರ್ಮವು ನಿಜಚರ್ಮದೊಳಕ್ಕೆ ಬಾವಿಯಂತೆ ಇಳಿದ ಕಡೆ, ಬಾವಿಯ ತಳದಿಂದ ಕೂದಲು ಬೆಳೆದು ಬರುತ್ತದೆ. ತಲೆಯಲ್ಲಿರುವ ಸುಮಾರು ಒಂದು ಲಕ್ಷ ಕೂದಲುಗಳು ತಿಂಗಳಿಗೆ ಒಂದು ಸೆಂಟಿಮೀಟರಿನಂತೆ ಬೆಳೆಯುತ್ತವೆ. ಕೂದಲಿನ ಬುಡಕ್ಕೆ ಒಂದು ಪುಟ್ಟ ಸ್ನಾಯು ಅಂಟಿಕೊಂಡಿದೆ. ಚಳಿಗೋ ಭಯಕ್ಕೋ ಅದು ಬಿಗಿದುಕೊಂಡರೆ ಕೂದಲು ನೆಟ್ಟಗೆ ನಿಲ್ಲುತ್ತದೆ. ನಮ್ಮ ಕವಿಗಳು ಭಕ್ತಿಯಲ್ಲಿಯೂ ಪ್ರೇಮದಲ್ಲಿಯೂ ವರ್ಣಿಸಿದ ರೋಮಾಂಚವು ಈ ಸ್ನಾಯುವಿನ ಕೆಲಸ. ಉಗುರು ಹುಟ್ಟುವುದು ಅದರ ಬುಡದಲ್ಲಿ ಚರ್ಮದ ಮಡಿಕೆಯೊಳಗೆ ಅಡಗಿರುವ ಜೀವಕೋಶಗಳಿಂದ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆಯುತ್ತದೆ. ಕತ್ತರಿಸಿದಾಗ ಕೂದಲಿಗೂ ಉಗುರಿಗೂ ನೋವಾಗದಿರುವುದು ಏಕೆಂದರೆ ನಾವು ಕಾಣುವ ಭಾಗವೆಲ್ಲ ಸತ್ತ ಕೋಶಗಳ ರಾಶಿ; ಜೀವವಿರುವುದು ಬುಡದಲ್ಲಿ ಮಾತ್ರ.

ಆದರೆ ಮಾಲ್ಪಿಘಿಯ ಶೋಧದಲ್ಲಿ ಮಾನವಕುಲಕ್ಕೆ ಅತ್ಯಂತ ಮುಖ್ಯವಾದುದು ಬಣ್ಣದ ವಿಚಾರ. ಕಪ್ಪು ಜನರ ಬಣ್ಣವು ಎಲ್ಲಿದೆ ಎಂಬುದು ಅಂದಿನ ಯೂರೋಪಿನ ದೊಡ್ಡ ಚರ್ಚೆ. ರಕ್ತದಲ್ಲಿಯೇ ಇದೆಯೆಂದು ಕೆಲವರು, ಬಿಸಿಲಿನ ಸುಡುವಿಕೆಯೆಂದು ಕೆಲವರು, ಶಾಪದ ಫಲವೆಂದು ಮತ್ತೆ ಕೆಲವರು ಹೇಳುತ್ತಿದ್ದರು. ಮಾಲ್ಪಿಘಿಯು ಆ ಬಣ್ಣವು ತಾನು ಕಂಡ ನಡುವಿನ ಪದರದಲ್ಲಿ ಮಾತ್ರ ಇದೆಯೆಂದೂ, ಅದರ ಮೇಲಿನ ಪೊರೆಯೂ ಕೆಳಗಿನ ನಿಜಚರ್ಮವೂ ಎಲ್ಲರಂತೆ ಬಿಳಿಯವೆಂದೂ ಬರೆದನು. ಇಂದಿನ ವಿಜ್ಞಾನವು ಇದನ್ನು ಇನ್ನೂ ನಿಖರವಾಗಿ ಹೇಳುತ್ತದೆ. ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಕೋಶಗಳು ಮಾಲ್ಪಿಘಿ ಪದರದ ತಳದಲ್ಲಿವೆ. ಅವುಗಳ ಸಂಖ್ಯೆಯು ಕರಿಯರಲ್ಲಿಯೂ ಬಿಳಿಯರಲ್ಲಿಯೂ ಹೆಚ್ಚು ಕಡಮೆ ಒಂದೇ. ಅವು ತಯಾರಿಸುವ ದ್ರವ್ಯದ ಪರಿಮಾಣ ಮತ್ತು ಬಗೆಯಲ್ಲಿ ಮಾತ್ರ ವ್ಯತ್ಯಾಸ. ಆ ದ್ರವ್ಯವು ಸೂರ್ಯನ ತೀಕ್ಷ್ಣ ಕಿರಣಗಳಿಗೆ ಕೊಡೆ ಹಿಡಿದಂತೆ ಕೋಶಗಳನ್ನು ಕಾಪಾಡುತ್ತದೆ. ದೇಹದ ಹೆಚ್ಚಿನ ಭಾಗದಲ್ಲಿ ಹೊರಚರ್ಮದ ದಪ್ಪವು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು. ಜನಾಂಗಗಳು ಒಂದನ್ನೊಂದು ದಾಸ್ಯಕ್ಕೆ ದೂಡಿದುದೂ, ನಮ್ಮಲ್ಲಿ ಎಷ್ಟೋ ಕನ್ಯೆಯರು ಮದುವೆಯ ಮಾತುಕತೆಯಲ್ಲಿ ಕಣ್ಣೀರಿಟ್ಟುದೂ ಕಾಗದದ ಹಾಳೆಯಷ್ಟು ತೆಳುವಾದ ಈ ಪೊರೆಯ ಕಾರಣದಿಂದ!

ತೊನ್ನಿನ ವಿಚಾರವನ್ನೂ ಇಲ್ಲಿ ಹೇಳಬೇಕು. ಆ ವರ್ಣಕೋಶಗಳು ಕೆಲವೆಡೆ ನಾಶವಾದರೆ ಅಲ್ಲಿ ಬಿಳಿಯ ಮಚ್ಚೆ ಬೀಳುತ್ತದೆ, ತೊನ್ನೆಂದರೆ ಇಷ್ಟೇ. ಅದು ಕುಷ್ಠವಲ್ಲ; ಮುಟ್ಟಿದರೆ ಅಂಟುವುದಿಲ್ಲ; ಪೂರ್ವಜನ್ಮದ ಪಾಪದ ಗುರುತೂ ಅಲ್ಲ. ಆದರೂ ತೊನ್ನುಳ್ಳವರ ಪಕ್ಕದಲ್ಲಿ ಊಟಕ್ಕೆ ಕೂರಲು ಹಿಂಜರಿಯುವ ವಿದ್ಯಾವಂತರಿದ್ದಾರೆ. ಮಾಲ್ಪಿಘಿ ಪದರದ ಚಿತ್ರವನ್ನು ಬರೆದು ಅಂಕಗಳನ್ನು ಗಳಿಸಿದವರು ಈ ಹಿಂಜರಿಕೆಯನ್ನು ಬಿಡದಿದ್ದರೆ ಆ ಅಂಕಗಳಿಗೆ ಬೆಲೆಯೆಲ್ಲಿ?

1666ರಲ್ಲಿ ಮಾಲ್ಪಿಘಿಯು ಬೊಲೋನ್ಯಕ್ಕೆ ಮರಳಿದನು. ಅದೇ ವರ್ಷ ಯಕೃತ್ತು, ಮೂತ್ರಪಿಂಡ, ಗುಲ್ಮ ಮೊದಲಾದ ಅವಯವಗಳ ರಚನೆಯನ್ನು ಕುರಿತ ಅವನ ಗ್ರಂಥವು ಹೊರಬಂದಿತು. ಗ್ರಂಥಿಗಳ ಅಧ್ಯಯನವು ಅದರ ತಿರುಳು. ಗ್ರಂಥಿಯೆಂದರೆ ರಕ್ತದಿಂದ ಬೇಕಾದ ರಸವನ್ನು ಬೇರ್ಪಡಿಸುವ ಅತಿ ಸಣ್ಣ ಚೀಲಗಳ ಗೊಂಚಲು, ಆ ರಸವು ಕೊಳವೆಯ ಮೂಲಕ ಹೊರಗೆ ಹರಿಯುತ್ತದೆ ಎಂಬುದು ಅವನ ಸಿದ್ಧಾಂತ. ಮೂತ್ರಪಿಂಡದಲ್ಲಿ ಅವನು ಕಂಡ ಸಣ್ಣ ಗುಂಡುಗಳು ಕೊಳವೆಗಳಿಗೆ ಕೂಡಿಕೊಂಡಿವೆಯೆಂಬುದನ್ನು 1842ರಲ್ಲಿ ಇಂಗ್ಲೆಂಡಿನ ಬೌಮನ್ ಸ್ಪಷ್ಟಪಡಿಸಿದನು. ಆದರೆ ಗ್ರಂಥಿಗಳ ಮೇಲಿನ ಮೋಹವು ಮಾಲ್ಪಿಘಿಯನ್ನು ಒಮ್ಮೆ ದಾರಿ ತಪ್ಪಿಸಿತು. ಮೆದುಳಿನ ಹೊರಭಾಗವೂ ಗ್ರಂಥಿಗಳ ರಾಶಿಯೆಂದು ಅವನು ನಂಬಿದನು. ಅದು ಸರಿಯಲ್ಲವೆಂದು ಮುಂದೆ ತಿಳಿಯಿತು. ಹೊಸ ಉಪಕರಣ ಹಿಡಿದವನಿಗೆ ಇಂಥ ಭ್ರಮೆ ಸಹಜ.

ಚರ್ಮದಲ್ಲಿರುವ ಗ್ರಂಥಿಗಳ ಸಂಗತಿಯನ್ನು ಪೂರ್ಣವಾಗಿ ತಿಳಿಯಲು ಇನ್ನೂ ಉತ್ತಮವಾದ ಮಸೂರಗಳು ಬೇಕಾಗಿದ್ದುವು. ಬೆವರಿನ ಗ್ರಂಥಿಗಳನ್ನೂ ಅವುಗಳ ಸುರುಳಿಯಾದ ನಾಳಗಳನ್ನೂ 1833ರಲ್ಲಿ ಪುರ್ಕಿನ್ಯೆ ಎಂಬ ವಿಜ್ಞಾನಿಯು ವಿವರಿಸಿದನು. ಒಬ್ಬ ಮನುಷ್ಯನ ಚರ್ಮದಲ್ಲಿ 20ರಿಂದ 40 ಲಕ್ಷದಷ್ಟು ಸ್ವೇದಗ್ರಂಥಿಗಳಿವೆ. ಬೆವರು ಆವಿಯಾಗುವಾಗ ದೇಹದ ಶಾಖವನ್ನು ಹೊತ್ತೊಯ್ಯುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಇದೇ ತತ್ತ್ವದಿಂದ. ಕೂದಲಿನ ಬುಡದಲ್ಲಿರುವ ತೈಲಗ್ರಂಥಿಗಳು ಕೂದಲಿಗೂ ಚರ್ಮಕ್ಕೂ ಜಿಡ್ಡನ್ನು ಒದಗಿಸುತ್ತವೆ. ಕಾಲೇಜು ವಯಸ್ಸಿನವರ ಮುಖದಲ್ಲಿ ಮೊಡವೆಗಳನ್ನೆಬ್ಬಿಸಿ ಕನ್ನಡಿಯ ಮುಂದೆ ಅವರನ್ನು ನೋಯಿಸುವುವೂ ಇವೇ.

ಮಾಲ್ಪಿಘಿಯ ಕೀರ್ತಿಯು ಇಂಗ್ಲೆಂಡನ್ನು ಮುಟ್ಟಿತು. ಲಂಡನ್ನಿನ ರಾಯಲ್ ಸೊಸೈಟಿಯು ಅವನೊಡನೆ ಪತ್ರವ್ಯವಹಾರ ಬೆಳೆಸಿ, ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡು, 1669ರಲ್ಲಿ ರೇಷ್ಮೆಹುಳುವನ್ನು ಕುರಿತ ಅವನ ಗ್ರಂಥವನ್ನು ಅಚ್ಚುಹಾಕಿಸಿತು. ರೇಷ್ಮೆಗೆ ಹೆಸರಾದ ನಮ್ಮ ನಾಡಿನವರು ಇದನ್ನು ನೆನೆಯಬೇಕು. ಕೀಟಗಳಿಗೆ ಒಳಾವಯವಗಳೇ ಇಲ್ಲವೆಂದು ಜನ ನಂಬಿದ್ದ ಕಾಲದಲ್ಲಿ, ಹುಳುವಿನ ಉಸಿರಾಟದ ನಳಿಕೆಗಳನ್ನೂ, ದಾರ ನೂಲುವ ಗ್ರಂಥಿಗಳನ್ನೂ, ಮುಂದೆ ತನ್ನ ಹೆಸರನ್ನೇ ಹೊತ್ತ ನಾಳಗಳನ್ನೂ ಅವನು ಚಿತ್ರಸಹಿತ ತೋರಿಸಿದನು. ಮೊಟ್ಟೆಯೊಳಗೆ ಕೋಳಿಮರಿ ಬೆಳೆಯುವ ಕ್ರಮವನ್ನೂ, ಸಸ್ಯಗಳ ಅಂತಾರಚನೆಯನ್ನೂ ಕುರಿತು ಬಳಿಕ ಬರೆದನು.

ಇಂಥವನಿಗೆ ಸ್ವಂತ ಊರಿನಲ್ಲಿ ಮನ್ನಣೆಗಿಂತ ಹಗೆಯೇ ಹೆಚ್ಚಾಗಿತ್ತು. ಅದಕ್ಕೊಂದು ಕರಾಳ ಹಿನ್ನೆಲೆಯೂ ಇದ್ದಿತು. 1659ರಲ್ಲಿ ಅವನ ತಮ್ಮನು ಜಗಳವೊಂದರಲ್ಲಿ ಸ್ಬರಾಲ್ಯ ಮನೆತನದ ಒಬ್ಬನನ್ನು ಕೊಂದುಬಿಟ್ಟಿದ್ದನು. ಸತ್ತವನ ತಮ್ಮನಾದ ಜಿರೋಲಮೊ ಸ್ಬರಾಲ್ಯನು ಮುಂದೆ ಅದೇ ವಿಶ್ವವಿದ್ಯಾನಿಲಯದಲ್ಲಿ ವೈದ್ಯ ಪ್ರಾಧ್ಯಾಪಕನಾಗಿ, ಮಾಲ್ಪಿಘಿಯ ಬದ್ಧ ವಿರೋಧಿಯಾದನು. 1684ರಲ್ಲಿ ಬೆಂಕಿ ಬಿದ್ದು ಮಾಲ್ಪಿಘಿಯ ಉಪಕರಣಗಳೂ ಬರಹಗಳೂ ಸುಟ್ಟುಹೋದುವು. 1689ರಲ್ಲಿ ಸ್ಬರಾಲ್ಯನು ಅವನ ಜೀವಮಾನದ ಕೆಲಸವನ್ನೇ ಹಳಿದು ಬರೆದನು. ಕಣ್ಣಿಗೆ ಕಾಣದ ನಾಳ ಚೀಲಗಳನ್ನು ಎಣಿಸುವುದರಿಂದ ಒಬ್ಬ ರೋಗಿಯಾದರೂ ಗುಣವಾದನೇ ಎಂಬುದು ಅವನ ವಾದದ ಸಾರ.

ಈ ಪ್ರಶ್ನೆಯನ್ನು ಬರಿಯ ದ್ವೇಷದ ಮಾತೆಂದು ತಳ್ಳಿಬಿಡುವುದು ಸರಿಯಲ್ಲ. 1689ರಲ್ಲಿ ಅದಕ್ಕೆ ತೃಪ್ತಿಕರವಾದ ಉತ್ತರವಿರಲಿಲ್ಲ. ಮಾಲ್ಪಿಘಿಯೂ ತನ್ನ ರೋಗಿಗಳಿಗೆ ಕೊಡುತ್ತಿದ್ದುದು ಉಳಿದ ವೈದ್ಯರು ಕೊಡುತ್ತಿದ್ದಂತಹ ಔಷಧಿಗಳನ್ನೇ. ಯಂತ್ರದ ರಚನೆ ತಿಳಿಯದೆ ಅದನ್ನು ರಿಪೇರಿ ಮಾಡಲಾಗದು ಎಂಬ ನಂಬಿಕೆಯೊಂದೇ ಅವನ ಆಧಾರ. ಅವನು ದೀರ್ಘವಾದ ಒಂದು ಉತ್ತರವನ್ನು ಬರೆದಿಟ್ಟನು. ಅದು ಅಚ್ಚಾದುದು ಅವನು ಸತ್ತಮೇಲೆ.

ನಿಜವಾದ ಉತ್ತರವನ್ನು ಕೊಟ್ಟುದು ಕಾಲ. ಬೆಂಕಿಯಿಂದ ಸುಟ್ಟ ರೋಗಿಯ ಗಾಯವು ಎಷ್ಟು ಆಳಕ್ಕೆ ಹೋಗಿದೆ ಎಂಬುದರ ಮೇಲೆಯೇ ಇಂದು ಚಿಕಿತ್ಸೆ ನಿಂತಿದೆ. ಹೊರಚರ್ಮವೆಲ್ಲ ಸುಟ್ಟಿದ್ದರೂ ನಿಜಚರ್ಮದಲ್ಲಿ ಹುದುಗಿರುವ ಕೂದಲ ಬಾವಿಗಳೂ ಬೆವರಿನ ನಾಳಗಳೂ ಉಳಿದಿದ್ದರೆ, ಅವುಗಳ ಗೋಡೆಯ ಕೋಶಗಳು ಹಬ್ಬಿ ಹೊಸ ಚರ್ಮವನ್ನು ಕಟ್ಟಬಲ್ಲವು. ಅವೂ ನಾಶವಾಗಿದ್ದರೆ ಬೇರೆಡೆಯ ಚರ್ಮವನ್ನು ತಂದು ಕಸಿಮಾಡಬೇಕು. 1975ರಲ್ಲಿ ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ ಎಂಬ ವಿಜ್ಞಾನಿಗಳು ಮನುಷ್ಯನ ಹೊರಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ವಿಧಾನವನ್ನು ಪ್ರಕಟಿಸಿದರು. 1981ರಲ್ಲಿ ಹಾಗೆ ಬೆಳೆಸಿದ ಚರ್ಮವನ್ನು ಸುಟ್ಟ ಗಾಯಗಳಿಗೆ ಹೊದಿಸಿದುದು ವರದಿಯಾಯಿತು. ಮಾಲ್ಪಿಘಿಯು ಬೇಯಿಸಿದ ನಾಲಗೆಯಲ್ಲಿ ಕಂಡ ಆ ಅಂಟಂಟಾದ ಪದರದ ಕೋಶಗಳೇ ಅವು. ಸ್ಬರಾಲ್ಯನ ಪ್ರಶ್ನೆಗೆ ಉತ್ತರ ದೊರೆಯಲು ಸುಮಾರು 300 ವರ್ಷಗಳು ಹಿಡಿದುವು.

ಮಾಲ್ಪಿಘಿಯ ಕೊನೆಯ ದಿನಗಳು ರೋಂ ನಗರದಲ್ಲಿ ಕಳೆದುವು. 1691ರಲ್ಲಿ ಪೋಪ್ 12ನೆಯ ಇನ್ನೊಸೆಂಟನು ಅವನನ್ನು ತನ್ನ ಆಸ್ಥಾನವೈದ್ಯನಾಗಿ ಕರೆಯಿಸಿಕೊಂಡನು. ಮೂತ್ರಪಿಂಡದ ಬಾಧೆಯಿಂದ ಬಳಲುತ್ತಿದ್ದ ಅವನಿಗೆ ಹೋಗಲು ಮನಸ್ಸಿರಲಿಲ್ಲ, ಆದರೂ ಹೋದನು. 1694ರ ನವೆಂಬರಿನಲ್ಲಿ ಮೆದುಳಿನ ಆಘಾತದಿಂದ ತೀರಿಕೊಂಡನು. ಎಷ್ಟೋ ದೇಹಗಳನ್ನು ಛೇದಿಸಿ ನೋಡಿದ್ದ ಅವನ ದೇಹವನ್ನೂ ವೈದ್ಯರು ಛೇದಿಸಿ ಪರೀಕ್ಷಿಸಿದರು. ಮೆದುಳಿನಲ್ಲಿ ರಕ್ತಸ್ರಾವವಾಗಿದ್ದುದು ಕಂಡಿತು. ಉಳಿದಿದ್ದ ಬರಹಗಳನ್ನು 1697ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿದರು.

ಇಂದು ನಮ್ಮ ದೇಶದಲ್ಲಿಯೂ ಯಾವ ವಿದ್ಯೆಗೇ ಆಗಲಿ, ಇದರಿಂದ ಏನು ಪ್ರಯೋಜನ, ಯಾವ ಉದ್ಯೋಗ ಸಿಕ್ಕುತ್ತದೆ ಎಂದು ಮೊದಲು ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ, ಬಡವರ ಮಕ್ಕಳು ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಕೂಡಲೇ ಉತ್ತರ ಸಿಕ್ಕದ ವಿದ್ಯೆಯೆಲ್ಲ ವ್ಯರ್ಥವೆಂದು ತೀರ್ಮಾನಿಸುವವರು ಮಾಲ್ಪಿಘಿಯ ಕಥೆಯನ್ನು ಒಮ್ಮೆ ನೆನೆಯಬೇಕು. ಫಲವನ್ನು ತಾನು ಕಾಣಲಾರೆನೆಂದು ತಿಳಿದೂ ಮಾವಿನ ಸಸಿ ನೆಡುವ ಹಿರಿಯರು ನಮ್ಮ ಹಳ್ಳಿಗಳಲ್ಲಿದ್ದಾರೆ. ವಿಜ್ಞಾನದ ತೋಪಿನಲ್ಲಿ ಮಾಲ್ಪಿಘಿಯು ಅಂಥ ಒಬ್ಬ ಹಿರಿಯ.